ತವರಕ್ಕೊಂದು ಕೊಂಬು

"ಮೊದಲು ನೀನು ತಿನ್ನು," ಎಂದು ಗಂಡ ತಟ್ಟೆಯನ್ನು ಅವಳ ಕಡೆ ತಳ್ಳಿದ.

ಅವಳು ಒಂದು ತುತ್ತು ತಿಂದು ತೋರಿಸಿದಳು. ಹಸಿವಿನಿಂದ ಅವನ ಹೊಟ್ಟೆ ಗುರುಗುಟ್ಟುತ್ತಿದ್ದರೂ ತಟ್ಟೆ ಮುಟ್ಟಲಿಲ್ಲ. ನಿನ್ನೆಯಿಂದ ಕುಡಿದದ್ದು ಬರೀ ನಲ್ಲಿಯ ನೀರು.

"ನಿನ್ನ ತವರಿಂದ ಏನು ತಂದು ಹಾಕಿದೀಯ? ಡಾಕ್ಟರೇ ಹೇಳಿದ್ರಲ್ಲ."

ಡಾಕ್ಟರಮ್ಮ ಹೇಳಿದ್ದು ತವರ. ಆಲೂಗಡ್ಡೆ ಹೊಲಗಳಿಗೆ ಔಷಧಿ ಹೊಡೆಯುವುದು ಅವನ ಕೆಲಸ. ಪುಡಿಯನ್ನು ಬರಿಗೈಯಲ್ಲೇ ಕಲಸುತ್ತಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ "ಗಾಳಿ ನನ್ನ ನೆಂಟ" ಎಂದು ನಗುತ್ತಿದ್ದ. ಮೊದಲು ತಲೆನೋವು ಬಂತು. ಆಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಅದರ ಬೆನ್ನಿಗೇ ಮರೆವು. "ಆ ಔಷಧಿಯಲ್ಲಿ ತವರ ಇರುತ್ತೆ. ತವರದ ವಿಷ ತಲೆಗೆ ಏರಿದೆ," ಎಂದಿದ್ದರು ಡಾಕ್ಟರಮ್ಮ. ಗುಂಯ್‌ಗುಡುವ ಅವನ ಕಿವಿಗೆ ಆ ತವರ ಒಂದು ಕೊಂಬು ಹಚ್ಚಿಕೊಂಡು ತವರು ಆಗಿ, ಹೆಂಡತಿಯ ತವರಿನ ವಿಷವಾಗಿ ಬಿತ್ತು.

ಕರ್ಮ ನೋಡಿ, ತನ್ನ ವಯಸ್ಸು ಮರೆತ, ಮನೆಯ ದಾರಿ ಮರೆತ, ಇದೊಂದನ್ನು ಮಾತ್ರ ಮರೆಯಲಿಲ್ಲ. ಹಿತ್ತಾಳೆ ಪಾತ್ರೆ ತೋರಿಸಿ, "ಕಲಾಯಿ ಹಾಕಿಸ್ತೀವಲ್ಲ ರೀ, ಆ ತವರ," ಎಂದು ಕಿವಿಯಲ್ಲಿ ಕೂಗಿದರೆ, "ಹೌದಲ್ವಾ, ನಾನೆಂಥ ಪೆದ್ದ," ಎಂದು ಹಳೆಯ ನಗು ನಗುತ್ತಾನೆ. ಅವಳು ಒಲೆಯ ಹತ್ತಿರ ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ಕಣ್ಣು, ಅದೇ ಪ್ರಶ್ನೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಇವತ್ತು ಅವಳಿಗೆ ಹೆದರಿಕೆಯಾಯಿತು. ತುಂಬಿದ ತಟ್ಟೆಯ ಮುಂದೆಯೇ ಇವನು ಹಸಿದು ಸಾಯುತ್ತಾನೆ ಅನ್ನಿಸಿತು. ಗೋಡೆಗೆ ಒರಗಿ ಜೋರಾಗಿಯೇ ಅತ್ತಳು.

ಕಣ್ಣು ಒರೆಸಿಕೊಂಡಾಗ ಅವನು ಅವಳನ್ನೇ ನೋಡುತ್ತಿದ್ದ, ಹೊಸಬರನ್ನು ನೋಡುವ ಹಾಗೆ, ಮರ್ಯಾದೆಯಿಂದ.

"ಅಕ್ಕಾ, ಪಕ್ಕದ ಮನೆಯವರಾ ನೀವು?" ಗುಟ್ಟು ಹೇಳುವವನಂತೆ ಬಾಗಿದ, ದನಿ ಮಾತ್ರ ಕಿವುಡರ ಜೋರು ದನಿ. "ನನ್ನ ಹೆಂಡತಿ ಬರೋದರೊಳಗೆ ಒಂದು ತುತ್ತು ಊಟ ಹಾಕ್ತೀರಾ?"

ಅವಳು ಅದೇ ತಟ್ಟೆಯನ್ನು ಮತ್ತೆ ಮುಂದಿಟ್ಟಳು. ಅವನು ಗಬಗಬ ತಿಂದ. ನಡುವೆ ಕೈ ತಡೆದು ಬಾಗಿಲ ಕಡೆ ಬೊಟ್ಟು ಮಾಡಿದ.

"ಚಿಲಕ ಹಾಕಿಬಿಡಿ ಅಕ್ಕಾ. ಅವಳು ಒಳಗೆ ಬರಬಾರದು."

ಅವಳು ಎದ್ದು ಹೋಗಿ ಚಿಲಕ ಹಾಕಿದಳು. ಅವನ ತಟ್ಟೆ ಬರಿದಾಗುವವರೆಗೂ, ಹೊರಗಿನಿಂದ ಯಾರೋ ತಳ್ಳುತ್ತಿರುವಂತೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.