ಹೌಸ್ ಸರ್ಜನ್ ಅತ್ತದ್ದು

ಮುದ್ದೆ ಕೈಜಾರಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಆಕ್ಸಿಜನ್ ಸಿಲಿಂಡರಿನ ಹಿಂದೆ ನಿಂತಿತು. ಡ್ರೆಸ್ಸಿಂಗ್ ರೂಮಿನ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಕೋಮಲ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಎಲ್ಲಿತ್ತೋ, ಅಳು ಒತ್ತರಿಸಿಕೊಂಡು ಬಂತು. ಬಿಳಿ ಕೋಟಿನ ತೋಳನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ.

ಎಂ.ಬಿ.ಬಿ.ಎಸ್. ಪರೀಕ್ಷೆ ಮುಗಿಸಿ ನಂಜನಗೂಡಿನ ಆಸ್ಪತ್ರೆಯೊಂದಕ್ಕೆ ಹೌಸ್ ಸರ್ಜನ್ ಆಗಿ ಬಂದು ಅವಳಿಗೆ ಹೆಚ್ಚು ದಿನ ಆಗಿರಲಿಲ್ಲ. ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಬಂದವಳು ಇನ್ನೂ ಹಾಸ್ಟೆಲಿನ ಮುಖ ನೋಡಿರಲಿಲ್ಲ. ಇವತ್ತಿನ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಹೇಮಲತಾ ಅವಳ ಕೆದರಿದ ತಲೆ, ಕೆಂಪು ಕಣ್ಣು ನೋಡಿ ಇಡೀ ವಾರ್ಡಿಗೆ ಕೇಳುವ ಹಾಗೆ, "ಇಲ್ಲಿ ಪೇಷೆಂಟ್ ಯಾರು, ಡಾಕ್ಟರ್ ಯಾರು ಅಂತ ಯಾರಾದ್ರೂ ಹೇಳ್ತೀರಾ?" ಎಂದಿದ್ದರು. ಆಗ ಕೋಮಲ ಅತ್ತಿರಲಿಲ್ಲ. ತನ್ನೂರು ಬದನವಾಳಿನಿಂದ ಅವ್ವ ಬಸ್ಸಿನಲ್ಲಿ ಕಳಿಸಿದ್ದ ಮುದ್ದೆ ಬಿದ್ದಾಗ ಮಾತ್ರ ತಡೆಯಲಾಗಲಿಲ್ಲ.

ಹದಿನಾರು ಎಂಬ ಊರಿನ ಮುದುಕಿ ಪುಟ್ಟಬಸಮ್ಮ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಆ ದಾರಿಯಾಗಿ ಬಂದದ್ದು ಅದೇ ಹೊತ್ತಿಗೆ. ಆಕೆಯ ಗಂಡ ಚಿಕ್ಕಬಸಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು, ನೋಡಿಕೊಳ್ಳುತ್ತಿದ್ದವಳು ಕೋಮಲ. ಬಾಗಿಲ ಸಂದಿಯಲ್ಲಿ ಇಣುಕಿದರೆ ಗಂಡನ ಡಾಕ್ಟರಮ್ಮ ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆ. ಡಾಕ್ಟರು ಅಳಬೇಕೆಂದರೆ ಇನ್ನೇನು ಕಾರಣವಿದ್ದೀತು? ಪುಟ್ಟಬಸಮ್ಮ ಫ್ಲಾಸ್ಕನ್ನು ಎದೆಗವಚಿಕೊಂಡು ವಾರ್ಡಿಗೆ ಓಡಿದಳು. ಅಲ್ಲಿ ಚಿಕ್ಕಬಸಪ್ಪ ನೊಣದ ಕಾಟಕ್ಕೆ ತಲೆಯಿಂದ ಕಾಲಿನವರೆಗೆ ಬಿಳಿ ಬೆಡ್‌ಶೀಟ್ ಎಳೆದುಕೊಂಡು ಅಲುಗಾಡದೆ ಮಲಗಿದ್ದ. ಅನುಮಾನವೇ ಉಳಿಯಲಿಲ್ಲ.

"ನನ್ನ ಬುಟ್ಟು ಒಂಟೋದ್ರಲ್ಲಪ್ಪೋ! ಬೆಳಿಗ್ಗೆ ಇನ್ನೊಂದ್ ಇಡ್ಲಿ ಕೊಡಮ್ಮಿ ಅಂದ್ರಲ್ಲಪ್ಪೋ! ಡಾಕ್ಟ್ರು ಬೈತಾರೆ ಅಂತ ಕೊಡ್ನಿಲ್ವಲ್ಲಪ್ಪೋ!"

ಪಕ್ಕದ ಮಂಚದವರನ್ನು ನೋಡಿಕೊಳ್ಳಲು ಬಂದಿದ್ದ ಹೆಂಗಸರೂ ದನಿಗೂಡಿಸಿದರು. ಯಾರೋ ಮರ್ಯಾದೆಗೆಂದು ಫ್ಯಾನ್ ಆರಿಸಿದರು. ಪುಟ್ಟಬಸಮ್ಮ ಅಳುತ್ತಲೇ ಊರಿನಲ್ಲಿದ್ದ ಮೈದುನನ ಮಗ ಬಸವೇಶನಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದಳು.

ಗೋಳಿನಲ್ಲಿ ಪುಟ್ಟಬಸಮ್ಮನ ದನಿ ಗುರುತಿಸಿ ಕೋಮಲ ದಡಕ್ಕನೆ ಎದ್ದಳು. ಈಗಷ್ಟೇ ಚೆನ್ನಾಗಿದ್ದರಲ್ಲ! ಒಂದು ತುತ್ತು ಊಟಕ್ಕೆಂದು ಈಚೆ ಬಂದದ್ದಕ್ಕೆ ಹೀಗಾಯಿತೆ? ಮೇಡಂ ಹೇಳಿದ್ದೇ ಸರಿ, ತಾನು ಡಾಕ್ಟರಾಗಲು ಲಾಯಕ್ಕಿಲ್ಲ. ಒದ್ದೆ ಮುಖದಲ್ಲೇ ಓಡಿಬಂದು, ಜನರನ್ನು ಸರಿಸಿ, ಶೀಟಿನೊಳಗೆ ಕೈ ತೂರಿಸಿ ನಾಡಿ ಹಿಡಿದಳು. ನಾಡಿ ಗಟ್ಟಿಮುಟ್ಟಾಗಿ ಬಡಿಯುತ್ತಿತ್ತು. ಶೀಟು ತಾನಾಗಿಯೇ ಕೆಳಗಿಳಿಯಿತು.

"ಯಾಕವ್ವ, ಮನಗಕ್ಕೂ ಬುಡಕಿಲ್ವಾ?" ಎಂದ ಚಿಕ್ಕಬಸಪ್ಪ, ಸುತ್ತ ನೆರೆದವರನ್ನು ನೋಡಿ ಗಾಬರಿಯಾದ. "ಅಯ್ಯೋ, ಯಾರ್ ಓಗ್ಬುಟ್ರು?"

ಪುಟ್ಟಬಸಮ್ಮನ ಕೈಯ ಫೋನಿನಲ್ಲಿ ಬಸವೇಶ ಇನ್ನೂ, "ದೊಡ್ಡವ್ವ, ಶಾಮಿಯಾನದೋರ್ಗೆ ಯೋಳ್ಬುಟ್ಟಿವ್ನಿ, ನೀ ಅಳ್ಬ್ಯಾಡ" ಎನ್ನುತ್ತಿದ್ದ. ಚಿಕ್ಕಬಸಪ್ಪ ಫೋನ್ ಕಿತ್ತುಕೊಂಡ.

"ಲೇ, ಯಾರ್ಗ್ಲಾ ಶಾಮಿಯಾನ? ನಾನ್ ಕಣ್ಲಾ, ನಿನ್ ದೊಡ್ಡಪ್ಪ!"

ಆ ಕಡೆ ಕಿಟಾರನೆ ಕಿರುಚಿದ ಸದ್ದು. ಫೋನ್ ಕಟ್ಟಾಯಿತು.

ಪುಟ್ಟಬಸಮ್ಮನ ಅಳು ಈಗ ಕೋಪಕ್ಕೆ ತಿರುಗಿತು. "ಇವ್ರು ಗುಂಡ್ಕಲ್ ಇದ್ದಂಗವ್ರೆ. ಮತ್ಯಾಕವ್ವ ನೀನು ಅಂಗ್ ಅಳ್ತಿದ್ದೆ?"

ಇಡೀ ವಾರ್ಡು ಕೋಮಲಳ ಕಡೆ ತಿರುಗಿತು. ಅವಳು ಕುತ್ತಿಗೆಯ ಸ್ಟೆತಾಸ್ಕೋಪನ್ನು ಸರಿಮಾಡಿಕೊಂಡಳು. ಹೇಳದೆ ಬೇರೆ ದಾರಿಯಿರಲಿಲ್ಲ.

"ಮುದ್ದೆ ಬಿದ್ದೋಯ್ತು ಅಜ್ಜಿ."

"ಮುದ್ದೆಗಾ?"

"ಬರೀ ಮುದ್ದೆಗಲ್ಲ. ನಿನ್ನೆಯಿಂದ ಅಳೋಣ ಅಂತಿದ್ದೆ, ಟೈಮೇ ಸಿಕ್ಕಿರಲಿಲ್ಲ."

ವಾರ್ಡು ಗೊಳ್ಳೆಂದಿತು. ಚಿಕ್ಕಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಗಬೇಡಿ ತಾತ, ಹೊಲಿಗೆ ಬಿಚ್ಚುತ್ತೆ!" ಎಂದು ಗದರಿಸಲು ಹೋದ ಕೋಮಲ ತಾನೂ ನಕ್ಕುಬಿಟ್ಟಳು. ಪುಟ್ಟಬಸಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದಳು. ಗಂಡ ಕೈ ಚಾಚಿದ. ಅವನ ಕೈ ದಾಟಿಸಿ ಅದನ್ನು ಡಾಕ್ಟರಮ್ಮನ ಕೈಗಿಟ್ಟಳು. "ಕುಡಿ ಮಗ. ಇವ್ರ್ ಸದ್ಯಕ್ಕೆ ಎಲ್ಲೂ ಓಗಕಿಲ್ಲ."

ಅಷ್ಟರಲ್ಲಿ ನಗು ತಟ್ಟನೆ ನಿಂತಿತು. ಬಾಗಿಲಲ್ಲಿ ಹೇಮಲತಾ ನಿಂತಿದ್ದರು. ಕೋಮಲಳನ್ನು ಬೆರಳಲ್ಲೇ ಕಾರಿಡಾರಿಗೆ ಕರೆದರು.

"ಪೇಷೆಂಟ್ ಕಡೆಯವರಿಗೆ ಕಾಣೋ ಹಾಗೆ ಡಾಕ್ಟರ್ ಅಳಬಾರದು. ಕಾಲೇಜಿನಲ್ಲಿ ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದ್ದಾರೆ ಮೇಡಂ. ಎಲ್ಲಿಗೆ ಹೋಗಿ ಅಳಬೇಕು ಅನ್ನೋದನ್ನ ಹೇಳಿಕೊಟ್ಟಿಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆ ಕೋಮಲಳಿಗೆ ಹೆದರಿಕೆಯಾಯಿತು. ಹೇಮಲತಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು. ಕಾರಿಡಾರಿನ ಆ ತುದಿ, ಈ ತುದಿ ನೋಡಿದರು. ದನಿ ತಗ್ಗಿಸಿದರು.

"ಎಕ್ಸ್-ರೇ ರೂಮು. ಮಧ್ಯಾಹ್ನ ಟೆಕ್ನೀಷಿಯನ್ ಊಟಕ್ಕೆ ಹೋಗಿರ್ತಾನೆ. ಬಾಗಿಲಿಗೆ ಸೀಸದ ತಗಡು ಹೊಡೆದಿದ್ದಾರೆ, ಸದ್ದು ಆಚೆ ಬರಲ್ಲ. ಮೇಲಿನ ಕೆಂಪು ಲೈಟ್ ಹಾಕಿಬಿಟ್ರೆ ಯಾರೂ ಒಳಗೆ ಕಾಲಿಡಲ್ಲ. ಈಗ ಹಾಸ್ಟೆಲಿಗೆ ಹೋಗು, ಉಂಡು ಮಲಗು. ವಾರ್ಡು ನಾನು ನೋಡ್ಕೋತೀನಿ."

ಹೊರಟವರು ಅರ್ಧ ದಾರಿಯಲ್ಲಿ ನಿಂತು ತಿರುಗಿದರು.

"ಗುರುವಾರ ಮಾತ್ರ ಆ ರೂಮಿಗೆ ಬರಬೇಡ. ಅವತ್ತು ನನಗೆ ಬೇಕು."