ಎದುರಿನ ಟವರಿಗೆ ಯಾವ ಬಣ್ಣ?

ಐದನೆಯ ಚಿತ್ರವನ್ನೂ ವಾಸಂತಿ ಚೆನ್ನಾಗಿಲ್ಲ ಎಂದುಬಿಟ್ಟಳು.

“ಎಂಥ ಬಣ್ಣ ಮಾರಾಯ ಇದು? ಹದಿನೆಂಟು ಮಹಡಿಗೂ ಇಟ್ಟಿಗೆ ಕೆಂಪು! ಬೆಳಿಗ್ಗೆ ಕಿಟಕಿ ತೆಗೆದರೆ ನಮಗೆ ಕಾಣುವುದು ಇದೇ ಅಲ್ವಾ?”

ಪ್ರವೀಣ್ ಚಿತ್ರವನ್ನು ಸುರುಳಿ ಸುತ್ತಿಕೊಂಡ. “ಆಗಲಿ ಆಂಟಿ. ಮುಂದಿನ ಶನಿವಾರ ಬೇರೆ ತರ್ತೇನೆ.”

ವಾಸಂತಿಗೆ ಬೇಕಾಗಿದ್ದುದು ಆ ಮುಂದಿನ ಶನಿವಾರವೇ.

ನಿಜ ಹೇಳಬೇಕೆಂದರೆ ಮೊದಲ ಚಿತ್ರವೇ ಅವಳಿಗೆ ಹಿಡಿಸಿತ್ತು. ಕೆನೆ ಬಣ್ಣ, ಬಾಲ್ಕನಿಗಳಿಗೆ ನೀಲಿ ಅಂಚು. ಚೆನ್ನಾಗಿದೆ ಎನ್ನಲು ಬಾಯಿ ತೆರೆದವಳು, ಚಿತ್ರ ಹಿಡಿದಿದ್ದ ಹುಡುಗನನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದಳು.

ಕೀಲ್ಪಾಕಿನ ಅವಳ ಫ್ಲಾಟಿನ ಎದುರು ಹೊಸ ಟವರೊಂದು ಹಸಿರು ಬಲೆ ಹೊದ್ದು ನಿಂತಿತ್ತು. “ನನಗೆ ಅಲ್ಲೇ ಕೆಲಸ ಆಂಟಿ. ಅದರ ಹೊರಗಿನ ಅಂದಚಂದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು,” ಎಂದು ಅವನು ಬಾಗಿಲಲ್ಲಿ ನಿಂತು ಹೇಳಿದ್ದು ಅಚ್ಚ ಕನ್ನಡದಲ್ಲಿ. ಬಾಗಿಲ ಮೇಲಿನ ಹೆಸರಿನ ಫಲಕ ಇದ್ದದ್ದು ತಮಿಳಿನಲ್ಲಿ. ಊರಿನವರಿಗೆ ಊರಿನವರ ಗುರುತು ಸಿಗದೆ ಇರುತ್ತದೆಯೇ ಎಂದುಕೊಂಡು ಅವಳು ಒಳಗೆ ಕರೆದಳು. ಹುಡುಗ ಚಪ್ಪಲಿ ಹೊರಗೇ ಬಿಟ್ಟು ಬಂದ. ಕುಂದಾಪುರದ ಕಡೆಯವರು, ತಂದೆಗೆ ನುಂಗಂಬಾಕ್ಕಂನಲ್ಲಿ ಹೋಟೆಲು, ಮದುವೆ ಆಗಿಲ್ಲ. ಹತ್ತು ನಿಮಿಷದಲ್ಲಿ ಅಷ್ಟೂ ಹೊರಬಂತು. ಇನ್ನು ಚಿತ್ರ ಚೆನ್ನಾಗಿದೆ ಅಂದರೆ ಅವನು ಮತ್ತೆ ಯಾಕೆ ಬಂದಾನು? “ಚೆನ್ನಾಗಿಲ್ಲ,” ಎಂದಳು.

ಎಲ್ಲ ಮಗಳು ಅನ್ವಿತಾಳಿಗಾಗಿ. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ವಯಸ್ಸು ಇಪ್ಪತ್ತೊಂಬತ್ತು. ಹುಡುಗನ ಕಡೆಯವರು ನೋಡಲು ಬರುತ್ತಾರೆಂದರೆ ಅಂದೇ ಅವಳಿಗೆ ಸ್ಪೆಷಲ್ ಕ್ಲಾಸ್. ಮೂರು ಸಂಬಂಧ ಹೀಗೇ ತಪ್ಪಿಹೋಗಿದ್ದವು. ಗಂಡ ತೀರಿಕೊಂಡ ಮೇಲೆ ವಾಸಂತಿಗೆ ಉಳಿದಿದ್ದ ಚಿಂತೆ ಇದೊಂದೇ, ಮತ್ತು ಅದು ದೊಡ್ಡ ಚಿಂತೆಯೇ. ಈಗ ಸೀರೆಯಿಲ್ಲ, ಕೇಸರಿಬಾತಿಲ್ಲ, ನೋಡುವ ಶಾಸ್ತ್ರವೇ ಇಲ್ಲದೆ ಹುಡುಗ ಶನಿವಾರ ಶನಿವಾರ ತಾನಾಗಿ ಮನೆಗೆ ಬರುತ್ತಿದ್ದ. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು.

ಒಂದೇ ಭಯ. ಆಯ್ಕೆಯ ವಿಷಯದಲ್ಲಿ ತಾಯಿಗೂ ಮಗಳಿಗೂ ಎಣ್ಣೆ ಸೀಗೇಕಾಯಿ. ಮಗಳು ಆರಿಸಿ ತಂದ ಚಪ್ಪಲಿ, ಪರದೆ, ಮಿಕ್ಸಿ ಎಲ್ಲವನ್ನೂ ವಾಸಂತಿ ಅಂಗಡಿಗೆ ವಾಪಸ್ ಕಳಿಸಿದ್ದಳು. ತಾನು ಆರಿಸಿದ ಕಾಫಿ ಫಿಲ್ಟರ್ ಮಾತ್ರ ಸೋರುತ್ತಿದ್ದರೂ ಏಳು ವರ್ಷದಿಂದ ಹೊಗಳುತ್ತಿದ್ದಳು. ಮಗಳು ಈಗ ಅದಕ್ಕೆಲ್ಲ ಸೇಡು ತೀರಿಸಿಕೊಂಡರೆ?

ಹಾಗಾಗಿ ಕಾಫಿ ಕೊಡುವುದಕ್ಕೆ ಮಾತ್ರ ಅವಳನ್ನು ಕರೆಯುತ್ತಿದ್ದಳು. ಮೊದಲ ಶನಿವಾರ ಅನ್ವಿತಾ ಲೋಟ ಇಟ್ಟವಳು ತಲೆಯೆತ್ತದೆ ಒಳಗೆ ಹೋದಳು. ಸಕ್ಕರೆ ಕೂಡ ಹಾಕಿರಲಿಲ್ಲ.

“ಸಕ್ಕರೆ ಬೇಕಾ ಅಂತ ಕೇಳಬಾರದಾ?” ಎಂದು ತಾಯಿ ಅಡುಗೆಮನೆಯಲ್ಲಿ ಗದರಿದಳು.

“ವೇಣುಂನಾ ಅವರೇ ಕೇಪ್ಪಾರುಮಾ.” ಬೇಕಾದರೆ ಅವರೇ ಕೇಳುತ್ತಾರೆ ಎಂದು ಮಗಳು ತಮಿಳಿನಲ್ಲಿ ಜಾರಿಕೊಂಡಳು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಮೆತ್ತಿತ್ತು. ಕೈ ತೊಳೆದುಕೊಂಡಾದರೂ ಬರಬಾರದೇ ಎಂದು ವಾಸಂತಿ ಹಣೆ ಚಚ್ಚಿಕೊಂಡಳು. ಪುಣ್ಯಕ್ಕೆ ಹುಡುಗ ಸಕ್ಕರೆ ಕೇಳದೆ ಕುಡಿದ.

ಟವರಿನ ಬಗ್ಗೆ ಬೀದಿಯಲ್ಲಿ ಎಲ್ಲರಿಗೂ ಅಭಿಪ್ರಾಯವಿತ್ತು. ಗಾಜು ಹಾಕಿದರೆ ಬಿಸಿಲೆಲ್ಲ ಇತ್ತ ಹೊಡೆಯುತ್ತದೆ ಎಂದು ಇಸ್ತ್ರಿ ಗಾಡಿಯವನ ಗೊಣಗಾಟ. ಮೇಲಿನ ಮನೆಯ ಜಲಜಾಕ್ಷಿಗೆ ಅದು ಹಿಡಿ ಕಿತ್ತುಹೋದ ಟಿಫಿನ್ ಕ್ಯಾರಿಯರ್. “ಆದ್ರೆ ನಮ್ಮನ್ನು ಯಾರೂ ಕೇಳಲೇ ಇಲ್ಲ ಮಾರಾಯ್ತಿ,” ಎಂದಳು ಲಿಫ್ಟಿನಲ್ಲಿ. ವಾಸಂತಿಯ ಎದೆ ಉಬ್ಬಿತು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳ ಮಾತಿಗೆ ತೂಕ ಇರುವುದಿಲ್ಲವೇ?

ಆರನೆಯ ಶನಿವಾರ ಬಂದದ್ದು ಅರಿಶಿನ ಹಳದಿ. ಬಾಲ್ಕನಿಯಲ್ಲಿ ಟವರು ತೋರಿಸುತ್ತ ಪ್ರವೀಣ್ ಏನೋ ಹೇಳಿದ. ಅನ್ವಿತಾ ಗಟ್ಟಿಯಾಗಿ ನಕ್ಕಳು. ಇನ್ನು ತಡಮಾಡಿದರೆ ಕೆಟ್ಟೀತು ಎನ್ನಿಸಿತು ವಾಸಂತಿಗೆ.

“ಇದು ಚೆನ್ನಾಗುಂಟು,” ಎಂದಳು. ಪ್ರವೀಣ್ ಗಡಬಡಿಸಿ ಚಿತ್ರಕ್ಕೆ ಕೈಚಾಚಿದ. ಅವಳು ಕೊಡಲಿಲ್ಲ. “ಇದು ಇಲ್ಲೇ ಇರಲಿ. ಕಟ್ಟಡದ ಮಾತು ಮುಗೀತು. ಈಗ ನಿನ್ನ ಅಭಿಪ್ರಾಯ ಹೇಳು. ನಮ್ಮ ಅನ್ವಿತಾ ಹೇಗೆ?”

ಅವನು ನೆಲ ನೋಡಿದ. “ನೀವು ಹೇಳಿದ ಹಾಗೆ ಆಂಟಿ.”

“ನೀ ಸೊನ್ನಾ ಸರಿಮಾ,” ಎಂದಳು ಅನ್ವಿತಾ. ನೀನು ಹೇಳಿದರೆ ಸರಿ! ಇಪ್ಪತ್ತೊಂಬತ್ತು ವರ್ಷದಲ್ಲಿ ಮಗಳ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು. ವಾಸಂತಿಗೆ ಕಣ್ಣು ತುಂಬಿ ಬಂತು.

ಸೋಮವಾರ ಬೆಳಿಗ್ಗೆ ಅವಳು ಮೈಸೂರುಪಾಕಿನ ಡಬ್ಬಿ ಹಿಡಿದು, ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಟವರಿನ ಆಫೀಸಿಗೆ ಹೋದಳು. ಭಾವೀ ಅಳಿಯನ ತಾಳ್ಮೆಯ ಬಗ್ಗೆ ಮೇಲಿನವರಿಗೆ ಒಂದು ಒಳ್ಳೆಯ ಮಾತು ಹೇಳಬೇಡವೇ?

ಮ್ಯಾನೇಜರ್ ಮೈಸೂರುಪಾಕು ಬಾಯಿಗೆ ಹಾಕಿಕೊಂಡು ಎಲ್ಲ ಕೇಳಿ ಕಣ್ಣುಕಣ್ಣು ಬಿಟ್ಟ. “ಪ್ರವೀಣ್ ಸಾರಾ? ಅವರು ಲಿಫ್ಟ್ ಇಂಜಿನಿಯರ್ ಅಮ್ಮಾ. ಬಣ್ಣಕ್ಕೂ ಅವರಿಗೂ ಏನು ಸಂಬಂಧ? ಅದು ಹೋದ ವರ್ಷವೇ ತೀರ್ಮಾನವಾಗಿದೆ. ನಾವು ಯಾರನ್ನೂ ಕೇಳಿಲ್ಲವಲ್ಲ!”

ಕಿಟಕಿಯಾಚೆ, ಟವರಿನ ಹಿಂಬದಿಯಲ್ಲಿ, ಹಗ್ಗಕ್ಕೆ ಜೋತುಬಿದ್ದ ಇಬ್ಬರು ಬೂದು ಬಣ್ಣ ಬಳಿಯುತ್ತಿದ್ದರು.

ಹಾಗಾದರೆ ಈ ಚಿತ್ರ? ವಾಸಂತಿ ಸುರುಳಿ ಬಿಚ್ಚಿದಳು. ಫ್ಯಾನಿನ ಗಾಳಿಗೆ ಹಾಳೆ ಮಗುಚಿತು. ಹಿಂದುಗಡೆ ಪೆನ್ಸಿಲಿನಲ್ಲಿ, ತಮಿಳಿನಲ್ಲಿ, ಮಗಳ ಗುಂಡು ಅಕ್ಷರ:

“ಪ್ರವೀಣ್, ಅಮ್ಮ ಇದನ್ನೂ ಬೇಡ ಅಂದರೆ ಮುಂದಿನ ವಾರಕ್ಕೆ ನೇರಳೆ ಬಿಡಿಸಿಕೊಡ್ತೇನೆ, ಅವಸರ ಮಾಡಬೇಡ; ಮೂರು ವರ್ಷ ಕಾದಿದ್ದೇವೆ, ನಿನ್ನನ್ನು ನಾನು ಆರಿಸಿದ್ದು ಅಂತ ಗೊತ್ತಾದರೆ ವಾಪಸ್ ಕಳಿಸ್ತಾಳೆ, ತಾನೇ ಆರಿಸಿದ್ದು ಅಂದುಕೊಂಡರೆ ಜನ್ಮದಲ್ಲಿ ಬಿಡೋದಿಲ್ಲ.”