ಹಲ್ಲಿಯಿಲ್ಲದ ಊರು

ಚಂದ್ರನಲ್ಲಿ ಮೊದಲ ದೋಸೆ ಹುಯ್ದವನು ನಾನೇ. ಅದರ ಪರಿಮಳ ಭೂಮಿಯವರೆಗೂ ಹೋಗಿತ್ತು. ಅಂಥ ನಾನೂ ಬೆವರಿದ ಕತೆಯಿದು.

ಪಕ್ಕದ ಮನೆಯ ವನಜಕ್ಕನ ಗಂಡ ಹೊರಗಿನ ಬಯಲಿಗೆ ಹೋದವರು ಬಂದಿರಲಿಲ್ಲ. ಅವರ ಬೆನ್ನಿನ ಸಿಲಿಂಡರಿನ ಗಾಳಿ ಮುಗಿಯುವ ಹೊತ್ತಾಗಿತ್ತು. ಧೈರ್ಯ ಹೇಳಲೆಂದು ನಾನು ಅವರ ಮನೆಗೆ ಹೋಗಿ ಕೂತಿದ್ದೆ. "ಅವ್ರು ಬರ್ತಾರಲ್ವಾ, ತಂದೆ?" ಎಂದು ದೇವರಿಗೆ ಕೈಮುಗಿದು ಕೇಳಿದ ವನಜಕ್ಕ, ಊರಿನಲ್ಲಿ ಹಲ್ಲಿ ಲೊಚಗುಟ್ಟಿ ಹೌದೆಂದಾಗ ಮಾಡುವಂತೆ, "ಕೃಷ್ಣ ಕೃಷ್ಣ" ಎನ್ನುತ್ತ ನೆಲ ತಟ್ಟಿದಳು.

ನಗಿಸಲೆಂದು ನಾನು, "ಅಕ್ಕಾ, ಇಲ್ಲಿ ಹಲ್ಲಿ ಎಲ್ಲಿದೆ? ನಿಮ್ಮ ದೇವ್ರು ಭೂಮಿಯಲ್ಲೇ ಉಳ್ಕೊಂಡ" ಎಂದೆ.

"ಮಾತಾಡ್ದಿದ್ರೆ ಇಲ್ಲ ಅಂತ ಅರ್ಥಾನಾ? ಬಡಾಯಿ ಬಿಟ್ಟು ಸುಮ್ನಿರೋ," ಎಂದು ಮತ್ತೆ ತಟ್ಟಿದಳು.

ನೆಲದಡಿಯಿಂದ ಯಾರೋ ತಿರುಗಿ ತಟ್ಟಿದರು.

ನಮ್ಮ ಕೆಳಗಿರುವುದು ಬರೀ ಬಂಡೆ. ನಾನು ಕಾಲೆರಡನ್ನೂ ಕುರ್ಚಿಯ ಮೇಲೆತ್ತಿಕೊಂಡೆ. ವನಜಕ್ಕ ಕಣ್ಣೊರೆಸಿಕೊಂಡು ತನಗೂ ಗಂಡನಿಗೂ ಆಗುವಷ್ಟು ಅಕ್ಕಿ ತೊಳೆಯತೊಡಗಿದಳು.